ಪಡಸಾಲೆಯಲ್ಲಿ ಪಾಟಿ ಹಿಡಿದ ತಾಯಂದಿರಿಗೆ



ಮಕ್ಕಳಿಗೆ ಮನೆಯಲ್ಲಿಯೇ ವಿದ್ಯೆ ಕಲಿಸುವ ವಿಚಾರವು ಈಚೆಗೆ ಮಹಾನಗರಗಳಲ್ಲಿ ಬಹಳವಾಗಿ ಕೇಳಿಬರುತ್ತಿದೆ. ಅಲ್ಲಿಯ ಕೆಲವು ಕುಟುಂಬಗಳು ಮಕ್ಕಳನ್ನು ಶಾಲೆಗೆ ಕಳುಹಿಸದೆ ತಾವೇ ಕಲಿಸಿ, ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಪರೀಕ್ಷೆಗೆ ಕೂಡಿಸುತ್ತವೆ. ನಮ್ಮ ಸಗರನಾಡಿನ ಸ್ಥಿತಿ ಬೇರೆ. ಇಲ್ಲಿ ಮಗು ಹಗಲು ಶಾಲೆಯಲ್ಲಿದ್ದು ಸಂಜೆ ಮನೆಗೆ ಬರುತ್ತದೆ. ಶಾಲೆಯಲ್ಲಿ ಅರ್ಧ ತಿಳಿದುದನ್ನು ಪೂರ್ಣಗೊಳಿಸುವ ಹೊಣೆ ತಾಯಿಯದು. ಆ ತಾಯಿಯಾದರೋ ಹೊಲದಿಂದ ಆಗ ತಾನೇ ಬಂದಿರುತ್ತಾಳೆ. ಒಲೆಯನ್ನು ಇನ್ನೂ ಹೊತ್ತಿಸಿರುವುದಿಲ್ಲ. ಇಂಥ ಮನೆಯಲ್ಲಿ ಕಲಿಕೆಯ ಗುರಿ ಎಷ್ಟಿರಬೇಕು, ಅದರಲ್ಲಿ ಆನಂದವೆಲ್ಲಿದೆ ಎಂಬುದನ್ನು ಈ ಸಲ ವಿಚಾರ ಮಾಡೋಣ.

ಮನೆಯ ಪಾಠ ನಮಗೆ ಹೊಸದಲ್ಲ. ಈ ಪ್ರದೇಶವು 1948ರ ಸೆಪ್ಟೆಂಬರಿನವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ರಾಜ್ಯದ ಆಡಳಿತ ಭಾಷೆ ಉರ್ದು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿಯೂ ಉರ್ದುವೇ ಬೋಧನಾ ಮಾಧ್ಯಮ. ಆ ಕಾಲದಲ್ಲಿ ಕನ್ನಡದ ಅಕ್ಷರ ಬಹುಮಟ್ಟಿಗೆ ಉಳಿದುದು ಮನೆಯ ಪಡಸಾಲೆಯಲ್ಲಿ, ಮಠದ ಅಂಗಳದಲ್ಲಿ, ಊರಿನ ಗಾಂವಠಿ ಶಾಲೆಯಲ್ಲಿ. ನಮ್ಮ ಹಿರಿಯರು ಇಟ್ಟುಕೊಂಡಿದ್ದ ಗುರಿ ಎಷ್ಟು ಚಿಕ್ಕದು ನೋಡಿರಿ: ಹುಡುಗನು ಬೀಗರಿಗೆ ಒಂದು ಪತ್ರ ಬರೆಯಬೇಕು, ರಾಶಿಯ ಲೆಕ್ಕ ಇಡಬೇಕು, ಶ್ರಾವಣದಲ್ಲಿ ಪುರಾಣದ ಪುಸ್ತಕ ಹಿಡಿದು ನಾಲ್ಕು ಜನರೆದುರು ತಡವರಿಸದೆ ಓದಬೇಕು. ಇಷ್ಟೇ. ಗುರಿ ಚಿಕ್ಕದಾಗಿದ್ದುದರಿಂದಲೇ ಅದು ಕೈಗೂಡಿತು; ಕೈಗೂಡಿದ್ದರಿಂದಲೇ ಮನೆಮಂದಿಗೆಲ್ಲ ಹಿಗ್ಗಾಯಿತು.

ಸುರಪುರದ ಗುಡ್ಡದ ಮೇಲೆ ಟೇಲರ್ ಮಂಜಿಲ್ ಇದೆ. 1840ರ ದಶಕದ ಆರಂಭದಲ್ಲಿ ಅಲ್ಲಿಗೆ ಬಂದ ಮೆಡೋಸ್ ಟೇಲರ್ ಎಂಬ ಆಂಗ್ಲ ಅಧಿಕಾರಿ ಹದಿನಾರು ತುಂಬುವ ಮೊದಲೇ ದುಡಿಮೆಗಾಗಿ ಮುಂಬಯಿಗೆ ಬಂದಿಳಿದವನು. ಮುಂದಿನದನ್ನು ಅವನು ಬಹುತೇಕ ಸ್ವಂತ ಪರಿಶ್ರಮದಿಂದಲೇ ಕಲಿತನು. ಬಾಲಕನಾಗಿದ್ದ ರಾಜಾ ವೆಂಕಟಪ್ಪ ನಾಯಕನ ಶಿಕ್ಷಣದ ಕಡೆಗೆ ಅವನು ಬಹಳ ಲಕ್ಷ್ಯ ಕೊಟ್ಟನು. ತನ್ನ ಶಿಷ್ಯನು ಆಂಗ್ಲ ಸರ್ಕಾರಕ್ಕೆ ನಿಷ್ಠನಾಗಿರಲಿ ಎಂಬುದೇ ಆ ಅಧಿಕಾರಿಯ ಎಣಿಕೆಯಾಗಿದ್ದಿರಬೇಕು. ಆದರೆ ಬೆಳೆದುನಿಂತ ರಾಜನು 1858ರಲ್ಲಿ ಅದೇ ಸರ್ಕಾರದ ವಿರುದ್ಧ ಎದ್ದುನಿಂತನು. ಅದೇ ವರ್ಷ ಸೆರೆಯಲ್ಲಿದ್ದಾಗಲೇ ಪ್ರಾಣ ಬಿಟ್ಟನು. ಕಲಿಸಿದವನ ಲೆಕ್ಕ ಒಂದು, ಕಲಿತವನ ದಾರಿ ಇನ್ನೊಂದು. ನಾವು ಮಗುವಿಗೆ ಓದುವ ಬಲವನ್ನು ಕೊಡಬಹುದು. ಆ ಬಲದಿಂದ ಅದು ಏನಾಗಬೇಕೆಂಬುದನ್ನು ಬರೆದು ಕೊಡಲಾಗದು. ಇದನ್ನು ಅರಿತುಕೊಂಡ ಪಾಲಕರಿಗೆ ಅರ್ಧ ಭಾರ ಇಳಿದಂತೆ.

ಇಂದಿನ ಪಾಲಕರ ಕಳವಳಕ್ಕೆ ಕಾರಣವಿಲ್ಲವೆಂದಲ್ಲ. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇಕಡಾ 52ರಷ್ಟು ಮಾತ್ರ ಇದ್ದು, ರಾಜ್ಯದಲ್ಲಿಯೇ ಅತಿ ಕಡಿಮೆಯಾಗಿತ್ತು. ಸ್ತ್ರೀಯರಲ್ಲಿ ಓದುಬಲ್ಲವರು ಅರ್ಧಕ್ಕಿಂತ ಕಡಿಮೆ. 2024ರ ಎಸ್.ಎಸ್.ಎಲ್.ಸಿ. ಫಲಿತಾಂಶದಲ್ಲಿಯೂ ಜಿಲ್ಲೆ ಕೊನೆಯ ಸ್ಥಾನದಲ್ಲಿ ನಿಂತಿತು. 2020ರ ಮಾರ್ಚಿನಲ್ಲಿ ಮುಚ್ಚಿದ ಶಾಲೆಗಳು ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ತೆರೆದುದು 2021ರ ಅಕ್ಟೋಬರ್ 25ರಂದು. ನಡುವೆ ವಿದ್ಯಾಗಮದ ಹೆಸರಿನಲ್ಲಿ ಗುಡಿಯ ಕಟ್ಟೆ, ಮರದ ನೆರಳುಗಳಲ್ಲಿ ಕೆಲ ತಿಂಗಳು ಪಾಠಗಳು ನಡೆದವು. ಉಳಿದ ಕಾಲವೆಲ್ಲ ಮನೆಯೇ ಶಾಲೆಯಾಯಿತು. ಆಗ ಅಕ್ಷರ ಮರೆತ ಕೂಸುಗಳು ಇಂದು ಮೇಲಿನ ತರಗತಿಗಳಲ್ಲಿವೆ.

ಈ ಕಳವಳವು ಎರಡು ರೀತಿಯಲ್ಲಿ ಕೆಡುಕು ಮಾಡುತ್ತದೆ. ಕೆಲವರು ಎಲ್ಲವನ್ನೂ ಒಂದೇ ರಾತ್ರಿಯಲ್ಲಿ ಕಲಿಸಹೊರಟು, ಕಾಗುಣಿತ ಬಾರದ ಕೂಸಿನ ಮುಂದೆ ಇಂಗ್ಲಿಷ್ ಪುಸ್ತಕ ತೆರೆದು, ಬೆನ್ನಿಗೆ ಬಾರಿಸುತ್ತಾರೆ. ಮತ್ತೆ ಕೆಲವರು, ಓದು ನಮ್ಮ ಹಣೆಯಲ್ಲಿ ಬರೆದಿಲ್ಲವೆಂದು ಕೈಚೆಲ್ಲುತ್ತಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ಇಬ್ಬರೂ ನೆನೆಯಬೇಕು. ಕಾಲು ಚಾಚಲೇಬಾರದೆಂದು ಆ ಗಾದೆ ಹೇಳುವುದಿಲ್ಲ.

ಆದುದರಿಂದ ದಿನಕ್ಕೆ ಅರ್ಧ ತಾಸನ್ನು ನಿಶ್ಚಯಿಸಿರಿ. ಎರಡು ತಾಸಿನ ಸಂಕಲ್ಪ ಬೇಡ. ರೊಟ್ಟಿ ಬಡಿಯುವ ಹೊತ್ತೇ ಆಗಲಿ, ಮಗು ಒಲೆಯ ಬಳಿ ಕುಳಿತು ಗಟ್ಟಿಯಾಗಿ ಓದಲಿ. ಮೂರು ತಿಂಗಳಿಗೆ ಒಂದೇ ಗುರಿ ಇರಲಿ: ಮೊದಲ ಮೂರು ತಿಂಗಳಲ್ಲಿ ಕಾಗುಣಿತ, ಮುಂದಿನ ಮೂರು ತಿಂಗಳಲ್ಲಿ ಒತ್ತಕ್ಷರ, ಆಮೇಲೆ ದಿನಕ್ಕೊಂದು ಪುಟ. ಮಗ್ಗಿಯನ್ನು ಸಂತೆಯ ಲೆಕ್ಕದಲ್ಲಿ, ಹಾಲಿನ ಲೆಕ್ಕದಲ್ಲಿ ಕಲಿಸಿರಿ. ಹತ್ತಿ ಬಿಡಿಸುವ, ತೊಗರಿ ರಾಶಿ ಮಾಡುವ ಹಂಗಾಮಿನಲ್ಲಿ ಗುರಿಯನ್ನು ಇನ್ನೂ ಇಳಿಸಿ, ಹತ್ತೇ ನಿಮಿಷ ಓದಿಸಿರಿ. ಆದರೆ ಅದನ್ನು ತಪ್ಪಿಸಬೇಡಿರಿ. ಮುದನೂರಿನ ದಾಸಿಮಯ್ಯನವರು ನೇಯ್ಗೆಯ ಕಾಯಕದವರು. ಮಗ್ಗದ ಮುಂದೆ ಕುಳಿತವನಿಗೆ ಸೀರೆ ಒಮ್ಮೆಲೇ ಕಾಣುವುದಿಲ್ಲ, ಒಂದೊಂದೇ ಎಳೆ ಕಾಣುತ್ತದೆ. ಎಳೆ ತಪ್ಪದಿದ್ದರೆ ಸೀರೆ ತಾನಾಗಿಯೇ ಆಗುತ್ತದೆ.

“ನನಗೇ ಓದು ಬಾರದು, ಏನು ಕಲಿಸಲಿ?” ಎನ್ನುವ ತಾಯಿ ಕುಗ್ಗಬೇಕಾಗಿಲ್ಲ. ಮಗು ಓದುವಾಗ ಎದುರಿಗೆ ಕುಳಿತು ಕೇಳುವುದೇ ಅವಳ ಪಾಠ. ಓದಿದುದರ ಅರ್ಥವನ್ನು ಹೇಳೆಂದು ಕೇಳಿದರೆ ಸಾಕು. ಅರ್ಥ ಹೇಳುವ ಮಗು ಎರಡನೆಯ ಸಲ ಕಲಿಯುತ್ತದೆ. ನಿತ್ಯ ಹೀಗೆ ಕುಳಿತ ಎಷ್ಟೋ ತಾಯಂದಿರು ಮಗುವಿನ ಪಾಟಿಯ ಮೇಲೆಯೇ ತಮ್ಮ ಹೆಸರು ಬರೆಯಲು ಕಲಿತಿದ್ದಾರೆ. ಹೆಬ್ಬೆಟ್ಟು ಒತ್ತುತ್ತಿದ್ದ ಕೈ ಸಹಿ ಹಾಕಿದ ದಿನದ ಆನಂದಕ್ಕೆ ಯಾವ ಅಂಕಪಟ್ಟಿ ಸಮನಾದೀತು? ಆ ಆನಂದ ನೆರೆಮನೆಯ ಮಗುವಿನೊಡನೆ ಹೋಲಿಸಿದಾಗ ದೊರೆಯದು. ನಿನ್ನೆ ಬಾರದ ಅಕ್ಷರ ಇಂದು ಬಂದುದನ್ನು ಕಂಡಾಗ ಮಾತ್ರ ದೊರೆಯುತ್ತದೆ.

ಒಂದು ಎಚ್ಚರಿಕೆಯ ಮಾತು. ಮನೆಯ ಪಾಠವೆಂಬ ನೆಪದಿಂದ ಯಾರೂ ಹೆಣ್ಣುಮಕ್ಕಳನ್ನು ಶಾಲೆ ಬಿಡಿಸಬಾರದು. ನಮ್ಮ ಕಡೆ ಏಳನೆಯ ತರಗತಿ ಮುಗಿದೊಡನೆ “ಇನ್ನು ಮನೆಯಲ್ಲಿಯೇ ಕಲಿಯಲಿ” ಎಂದು ಹೇಳಿ, ಕೈಗೆ ಪೊರಕೆ ಕೊಟ್ಟು, ಬೇಗನೆ ಲಗ್ನದ ಮಾತು ತೆಗೆಯುವ ಮನೆಗಳು ಇನ್ನೂ ಇವೆ. ಗುಳೆ ಹೋಗುವವರು ಮಗಳನ್ನು ಕೂಸು ನೋಡಿಕೊಳ್ಳಲೆಂದು ಜೊತೆಗೆ ಕರೆದೊಯ್ಯುವುದೂ ಇದೆ. ಆರರಿಂದ ಹದಿನಾಲ್ಕು ವರ್ಷದ ಪ್ರತಿಯೊಂದು ಮಗುವಿಗೂ ಉಚಿತ ಶಿಕ್ಷಣದ ಹಕ್ಕಿದೆಯೆಂದು 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಕಾಯ್ದೆ ಹೇಳುತ್ತದೆ. ಹದಿನಾಲ್ಕು ತುಂಬಿತೆಂದು ಅವಳ ಪಾಟಿಚೀಲವನ್ನು ಗೂಟಕ್ಕೆ ನೇತುಹಾಕುವುದು ಧರ್ಮವಲ್ಲ. ಮನೆಯ ಪಾಠ ಶಾಲೆಗೆ ಆಸರೆಯಾಗಬೇಕೇ ಹೊರತು ಅದಕ್ಕೆ ಅಡ್ಡಗೋಡೆಯಾಗಬಾರದು.

ಇಂದು ಸಂಜೆ ದೀಪ ಹಚ್ಚಿದ ಮೇಲೆ ಮಗುವನ್ನು ಹತ್ತಿರ ಕೂಡಿಸಿಕೊಳ್ಳಿರಿ. ಒಂದೇ ಪುಟ ಓದಿಸಿರಿ. ಓದಿ ಮುಗಿದ ಮೇಲೆ ತಲೆ ನೇವರಿಸಿ ಊಟಕ್ಕೆ ಎಬ್ಬಿಸಿರಿ. ನಾಳಿನ ಪುಟ ನಾಳೆಗಿರಲಿ.