ಸೆರೆಮನೆಯ ಬಾಗಿಲಲ್ಲೇ ಲಸಿಕೆ

ಕಾಮಾಲೆಯೆಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಹಳದಿಗಟ್ಟಿದ ಕಣ್ಣುಗಳು. ಆದರೆ ಯಕೃತ್ತಿಗೆ ತಗಲುವ ಹೆಪಟೈಟಿಸ್-ಬಿ ವೈರಸ್ ಎಷ್ಟೋ ಜನರಲ್ಲಿ ಅಂಥ ಯಾವ ಚಿಹ್ನೆಯನ್ನೂ ತೋರದೆ ವರ್ಷಗಟ್ಟಲೆ ಅಡಗಿದ್ದು, ಕೆಲವರಲ್ಲಿ ಕಡೆಗೆ ಕ್ಯಾನ್ಸರಿಗೂ ಕಾರಣವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಭಾರತದ ಸುಮಾರು 2 ಕೋಟಿ 98 ಲಕ್ಷ ಮಂದಿಯಲ್ಲಿ ಅದು ನೆಲೆಸಿತ್ತು.

ಈ ವೈರಸ್ ಹರಡುವುದು ರಕ್ತ ಮತ್ತು ದೇಹದ್ರವಗಳ ಮೂಲಕ. ಒಂದೇ ಕ್ಷೌರದ ಬ್ಲೇಡು, ಹಚ್ಚೆಯ ಸೂಜಿ, ಮಾದಕದ್ರವ್ಯದ ಸಿರಿಂಜು ಹಲವರ ಕೈದಾಟುವ ಇಕ್ಕಟ್ಟಿನ ಸೆರೆಮನೆ ಅದಕ್ಕೆ ಅನುಕೂಲವಾದ ತಾಣ. ಇದನ್ನು ತಡೆಯಬಲ್ಲ ಲಸಿಕೆಯೇನೋ 1980ರ ದಶಕದಿಂದಲೂ ಇದೆ. ಆದರೆ ನಮ್ಮ ದೇಶದ ಎಲ್ಲ ಶಿಶುಗಳಿಗೂ ಅದನ್ನು ಕೊಡುವ ಏರ್ಪಾಡು ಆದದ್ದು 2011ರಲ್ಲಿ. ಇಂದಿನ ಬಂದಿಗಳೆಲ್ಲರೂ ಅದಕ್ಕೆ ಮೊದಲೇ ಹುಟ್ಟಿದವರು. ಅವರಲ್ಲಿ ಹೆಚ್ಚಿನವರಿಗೆ ಶೈಶವದಲ್ಲಿ ಈ ರಕ್ಷಣೆ ದೊರೆತಿರಲಾರದು.

ತೊಡಕು ಇರುವುದು ಕಾಲದಲ್ಲಿ. ರೂಢಿಯ ಕ್ರಮದಲ್ಲಿ ಮೊದಲ ಚುಚ್ಚುಮದ್ದಿನ ನಂತರ ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. 2022ರ ಕೊನೆಯಲ್ಲಿ ನಮ್ಮ ಸೆರೆಮನೆಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರು. ಇವರಲ್ಲಿ ಅನೇಕರು ಆರು ತಿಂಗಳು ತುಂಬುವ ಮುನ್ನವೇ ಜಾಮೀನಿನ ಮೇಲೆ ಹೊರಬರುವರು. ಲಸಿಕೆ ಅರ್ಧದಲ್ಲೇ ನಿಲ್ಲುವುದು.

ಇಂಗ್ಲೆಂಡಿನ ಸೆರೆಮನೆಗಳಲ್ಲಿ ಇದಕ್ಕೊಂದು ಉಪಾಯವನ್ನು ಅನುಸರಿಸುತ್ತಾರೆ. ಮೊದಲ ದಿನ, ಏಳನೆಯ ದಿನ, ಇಪ್ಪತ್ತೊಂದನೆಯ ದಿನ ಮೂರು ಚುಚ್ಚುಮದ್ದುಗಳು. ಹೀಗೆ ರಕ್ಷಣೆ ಬೇಗ ಮೂಡುತ್ತದೆ. ಅದು ಬಹುಕಾಲ ಬಾಳಲೆಂದು ಒಂದು ವರ್ಷಕ್ಕೆ ನಾಲ್ಕನೆಯದನ್ನು ಕೊಡಬಹುದು. ನಮ್ಮಲ್ಲಿಯೂ ಬಂದಿ ಒಳಬಂದ ದಿನವೇ, ಅವನ ಒಪ್ಪಿಗೆ ಪಡೆದು, ಹೀಗೆಯೇ ಆರಂಭಿಸಬೇಕೆಂಬುದು ನಮ್ಮ ಅಭಿಪ್ರಾಯ. ಲಸಿಕೆಯ ಚೀಟಿ ಸೆರೆಮನೆಯ ಕಡತದಲ್ಲಿ ಉಳಿಯದೆ ಅವನ ಕೈಯಲ್ಲಿ ಹೊರಬರಬೇಕು. ನಡುವೆ ತಪ್ಪಿದರೂ ಮೊದಲಿಂದ ತೊಡಗಬೇಕಿಲ್ಲ. ಉಳಿದುದನ್ನು ಊರಿನ ಸರಕಾರಿ ಆಸ್ಪತ್ರೆ ಪೂರೈಸಬೇಕು.

ಅಪರಾಧಿಗಳಿಗೆ ಇಷ್ಟೊಂದು ಉಪಚಾರವೇಕೆಂದು ಕೇಳುವವರುಂಟು. ವಿಚಾರಣಾಧೀನನ ಅಪರಾಧ ಇನ್ನೂ ಸಿದ್ಧವಾಗಿಲ್ಲ. ಶಿಕ್ಷೆ ಪಡೆದವನಿಂದಲೂ ನ್ಯಾಯಾಲಯ ಕಸಿದುಕೊಳ್ಳುವುದು ಸ್ವಾತಂತ್ರ್ಯವನ್ನೇ ಹೊರತು ಆರೋಗ್ಯವನ್ನಲ್ಲ. ಹೊರಗಿನವರಿಗೆ ಸಲ್ಲುವ ಚಿಕಿತ್ಸೆಯೇ ಬಂದಿಗೂ ಸಲ್ಲಬೇಕೆಂದು 2015ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಮಂಡೇಲಾ ನಿಯಮಗಳು ಹೇಳುತ್ತವೆ. ಇಷ್ಟಕ್ಕೂ ಅವನು ಒಂದು ದಿನ ಮನೆಗೆ, ಮಡದಿ ಮಕ್ಕಳ ಬಳಿಗೆ ಮರಳುವನು; ಅವನೊಡನೆ ವೈರಸ್ಸೂ ಮರಳಬಹುದು.

ನಾಳೆ ವೈದ್ಯರೂ ವಕೀಲರೂ ಅಧಿಕಾರಿಗಳೂ ಆಗಲಿರುವ ನಮ್ಮ ತರುಣ ವಾಚಕರು ಇದನ್ನು ಯೋಚಿಸಬೇಕು. ಮೂರು ವಾರಗಳಲ್ಲಿ ಮೂಡಿಸಬಹುದಾದ ರಕ್ಷಣೆಯನ್ನು ಆರು ತಿಂಗಳ ರೂಢಿಗಾಗಿ ಕೈಬಿಡುವುದು ವಿಜ್ಞಾನವೂ ಅಲ್ಲ, ನ್ಯಾಯವೂ ಅಲ್ಲ.