‘ಎಷ್ಟು ಸಿಗುತ್ತೆ?’ ಅಂತ ಮೊದಲೇ ಕೇಳಬೇಡಿ

ಕಳೆದ ತಿಂಗಳು ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಬಸ್ಸಲ್ಲಿ ಹೊರಟಿದ್ದೆ. ಯಲಹಂಕದಲ್ಲಿ ಒಬ್ಬ ಹುಡುಗ ಹತ್ತಿದ. ಕಪ್ಪು ಟೀ ಶರ್ಟು, ಉದ್ದ ಕೂದಲು, ಬೆನ್ನ ಮೇಲೆ ಎದೆಯೆತ್ತರದ ಚೀಲ. ಪಕ್ಕದ ಸೀಟಿನ ತಾತ ಕೇಳಿದರು, “ಏನಪ್ಪಾ ಅದು, ವೀಣೆನಾ?”

“ಬೇಸ್ ಗಿಟಾರು ತಾತ. ಹೆವಿ ಮೆಟಲ್ ಬ್ಯಾಂಡಲ್ಲಿ ನುಡಿಸ್ತೀನಿ.”

“ಎಷ್ಟು ಸಿಗುತ್ತೆ?”

“ಪೆಟ್ರೋಲಿಗೂ ಆಗಲ್ಲ ತಾತ.”

ಸುತ್ತ ಕೂತಿದ್ದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ನಾನು ಜಿಲ್ಲಾ ಸ್ಟ್ರಿಂಗರ್. ಒಂದು ಸುದ್ದಿಗೆ ಇಷ್ಟು ಅಂತ ಸಿಗೋದು, ಅದೂ ಅಚ್ಚಾದರೆ. ನಮ್ಮೂರ ಅರಳಿಕಟ್ಟೆ ಮೇಲೆ ಇದೇ ಪ್ರಶ್ನೆ ನನಗೂ ಎಷ್ಟೋ ಸಲ ಬಿದ್ದಿದೆ.

ಬೇಸ್ ಅಂದರೇನು ಅಂತ ಗೊತ್ತಿಲ್ಲದವರಿಗೆ ಹೇಳ್ತೀನಿ. ಸಾಮಾನ್ಯವಾಗಿ ನಾಲ್ಕೇ ತಂತಿ, ಗಿಟಾರಿಗಿಂತ ದಪ್ಪ, ದನಿ ಒಂದು ಸ್ಥಾಯಿ ಕೆಳಗೆ. ನಮ್ಮ ಓಲಗದಲ್ಲಿ ನಾಗಸ್ವರದವರ ಪಕ್ಕ ಒಬ್ಬರು ಶ್ರುತಿ ಹಿಡಿದು ಕೂತಿರ್ತಾರಲ್ಲ, ಅವರ ಮುಖ ಯಾರಿಗೂ ನೆನಪಿರಲ್ಲ. ಬೇಸ್‌ನವರ ಪಾಡೂ ಹಾಗೇ. ಆದರೆ ಅವರ ಕೆಲಸ ಇನ್ನೂ ಹೆಚ್ಚು. ಡ್ರಮ್ಮಿನ ತಾಳಕ್ಕೂ ಗಿಟಾರಿನ ರಾಗಕ್ಕೂ ಗಂಟು ಹಾಕುವವರು ಅವರೇ. ನುಡಿಸುವಾಗ ಗಮನಕ್ಕೆ ಬರಲ್ಲ, ನಿಲ್ಲಿಸಿದರೆ ಹಾಡು ಟೊಳ್ಳಾಗುತ್ತೆ.

ಈ ಸಂಗೀತ ಶ್ರೀಮಂತರ ಮಕ್ಕಳ ಹುಚ್ಚು ಅನ್ನೋ ಮಾತಿದೆ. ಹುಟ್ಟಿದ್ದು ಅಲ್ಲಲ್ಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಮ್ಮ ಯಶವಂತಪುರದಾಚೆಯ ಪೀಣ್ಯದ ಹಾಗೆ ಕಾರ್ಖಾನೆಗಳ ಊರು. ಅಲ್ಲಿನ ಟೋನಿ ಐಯೊಮಿ 17ನೇ ವಯಸ್ಸಲ್ಲಿ ಕಾರ್ಖಾನೆಯ ಯಂತ್ರಕ್ಕೆ ಬಲಗೈಯ ಎರಡು ಬೆರಳ ತುದಿ ಕಳೆದುಕೊಂಡ. ಆಮೇಲೆ ಅದೇ ಊರಿನ ಕೂಲಿಕಾರರ ಮಕ್ಕಳ ಜತೆ ‘ಬ್ಲ್ಯಾಕ್ ಸಬ್ಬತ್’ ಕಟ್ಟಿದ. ಅದರಲ್ಲಿ ಬೇಸ್ ನುಡಿಸಿದ ಗೀಜರ್ ಬಟ್ಲರ್ ಅದಕ್ಕೂ ಮೊದಲು ಲೆಕ್ಕಪತ್ರದ ಆಫೀಸಲ್ಲಿದ್ದವನು. ‘ಐರನ್ ಮೇಡನ್’ ತಂಡವನ್ನು 1975ರಲ್ಲಿ ಕಟ್ಟಿದ ಸ್ಟೀವ್ ಹ್ಯಾರಿಸ್ ಬೇಸ್‌ನವನೇ, ನಕ್ಷೆ ಬಿಡಿಸುವ ಕೆಲಸದಲ್ಲಿದ್ದವನು. 2007ರ ಮಾರ್ಚ್‌ನಲ್ಲಿ ಆ ತಂಡ ನಮ್ಮ ಮೇಖ್ರಿ ಸರ್ಕಲ್ ಪಕ್ಕದ ಅರಮನೆ ಮೈದಾನಕ್ಕೆ ಬಂತು. 2011ರ ಅಕ್ಟೋಬರ್ 30ರಂದು ಅದೇ ಮೈದಾನದಲ್ಲಿ ‘ಮೆಟಾಲಿಕಾ’ ನುಡಿಸಿತು.

ಅದು ಹೊರಗಿನವರ ಕತೆ ಆಯ್ತು. ನಮ್ಮವರದ್ದು ನೋಡಿ. ಬೆಂಗಳೂರಲ್ಲಿ 1998ರಲ್ಲಿ ‘ಕ್ರಿಪ್ಟೋಸ್’ ಅಂತ ಮೆಟಲ್ ತಂಡ ಹುಟ್ಟಿತು. ಶುರುವಿನಲ್ಲಿ ಬೇಸ್ ನುಡಿಸಿದವರು ಗಣೇಶ್ ಕೃಷ್ಣಸ್ವಾಮಿ. ಮೊದಲ ಆಲ್ಬಂ ಬರೋಕೆ ಆರು ವರ್ಷ ಹಿಡಿಯಿತು, 2004ರಲ್ಲಿ ಬಂತು. 2013ರಲ್ಲಿ ಆ ತಂಡ ಜರ್ಮನಿಯ ವಾಕನ್ ಅನ್ನೋ ಹಳ್ಳಿಗೆ ಹೋಗಿ ನುಡಿಸಿತು. ಹೌದು, ಹಳ್ಳಿಯೇ. ಪ್ರತಿ ವರ್ಷ ಹೊಲದ ಬಯಲಲ್ಲಿ ನಡೆಯುವ ಆ ಮೆಟಲ್ ಜಾತ್ರೆಗೆ ಹತ್ತಾರು ಸಾವಿರ ಜನ ಸೇರ್ತಾರೆ. ಬೇಸ್ ನುಡಿಸುವವರು ನಡುವೆ ಬದಲಾದರು, ತಂಡ ಮಾತ್ರ ನಿಲ್ಲಲಿಲ್ಲ.

ಗಣೇಶ್ ಆಮೇಲೆ ಇನ್ನೊಂದು ತಂಡದಲ್ಲಿ ಹಾಡುಗಾರರಾದರು. ಅದರ ಹೆಸರು ಕೇಳಿದರೆ ನೀವೂ ನಗ್ತೀರಿ: ‘ಬೇವರ್ ಸೀ’. ಇಂಗ್ಲಿಷಲ್ಲಿ ಸಮುದ್ರ, ಕನ್ನಡದಲ್ಲಿ ನಮ್ಮಪ್ಪಂದಿರು ದಿನಾ ಬೈಯುವ ಬೈಗುಳ. ವಾರಸುದಾರ ಇಲ್ಲದವನು ಬೇವರ್ಸಿ. ಬೈಗುಳವನ್ನೇ ಬೋರ್ಡು ಮಾಡಿಕೊಂಡ ಆ ಗಟ್ಟಿತನ ನನಗೆ ಇಷ್ಟ.

ಇಷ್ಟೆಲ್ಲ ಆದರೂ ಇಲ್ಲಿನ ಮೆಟಲ್‌ನವರಲ್ಲಿ ಹೆಚ್ಚಿನವರು ಹೊಟ್ಟೆಪಾಡಿಗೆ ಬೇರೆ ಕೆಲಸ ಮಾಡಲೇಬೇಕು. ನುಡಿಸೋಕೆ ಜಾಗವೂ ಸುಲಭಕ್ಕೆ ಸಿಗಲ್ಲ. ಹೋಟೆಲಿನಲ್ಲಿ ಲೈವ್ ಬ್ಯಾಂಡ್ ನಡೆಸೋಕೆ ಪೊಲೀಸ್ ಲೈಸೆನ್ಸ್ ಬೇಕು ಅಂತ 2005ರಲ್ಲಿ ಬೆಂಗಳೂರಿಗೆ ಆದೇಶ ಬಂತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಗುರಿ ಇದ್ದದ್ದು ಡ್ಯಾನ್ಸ್ ಬಾರುಗಳ ಮೇಲೆ, ಏಟು ಗಿಟಾರ್ ಹಿಡಿದವರಿಗೂ ಬಿತ್ತು.

ಈಗ ನನ್ನ ಮಾತು. ಮಗನೋ ಮಗಳೋ ವಾದ್ಯ ಹಿಡಿದರೆ ‘ಎಷ್ಟು ಸಿಗುತ್ತೆ?’ ಅಂತ ಮೊದಲೇ ಕೇಳಬೇಡಿ. ‘ಎಷ್ಟು ದಿನದಿಂದ ಕಲೀತಿದ್ದೀಯ? ಯಾರ ಜತೆ ನುಡಿಸ್ತೀಯ?’ ಅಂತ ಕೇಳಿ. ದುಡ್ಡಿನ ಪ್ರಶ್ನೆ ಆಮೇಲೆ ಬರಲಿ. ಅದು ಬಂದಾಗ ಸುಳ್ಳೂ ಹೇಳಬೇಡಿ. ಗಿಟಾರಿಗೆ ಅಂತ ಹೊಲ ಮಾರಬೇಡಿ, ಓದು ಬಿಡಿಸಬೇಡಿ. ಒಂದು ಕೈಯಲ್ಲಿ ಕೆಲಸ, ಇನ್ನೊಂದು ಕೈಯಲ್ಲಿ ವಾದ್ಯ. ಬಹಳ ಜನ ವಾದಕರ ಬದುಕು ನಡೆದದ್ದು ಹೀಗೇ.

ಇದರಲ್ಲಿ ಒಂದು ಮುಳ್ಳಿದೆ. ಸಂಬಳದ ಕೆಲಸ ಇರುವ ನಗರದ ಹುಡುಗ ಸಂಜೆ ಬೇಸ್ ಎತ್ತಿಕೊಳ್ಳಬಹುದು. ಕೂಲಿಗೆ ಹೋಗಿ ಬಂದ ನಮ್ಮೂರ ತಮಟೆಯ ಹುಡುಗನಿಗೆ ಆ ಸಂಜೆ ಎಲ್ಲಿದೆ? ಅವನನ್ನು ಹಬ್ಬಕ್ಕೆ, ಸಾವಿಗೆ ಮಾತ್ರ ಕರೀತೀವಿ, ಕೈಗೆ ಸಿಕ್ಕಷ್ಟು ಕೊಟ್ಟು ಕಳಿಸ್ತೀವಿ. ಬೇಸ್‌ನವನಿಗೆ ಎಷ್ಟು ಸಿಗುತ್ತೆ ಅಂತ ನಗುವ ನಾವು, ತಮಟೆಯವನಿಗೆ ಎಷ್ಟು ಕೊಟ್ಟೆವು ಅಂತಲೂ ಲೆಕ್ಕ ಹಾಕಬೇಕಲ್ಲ? ಈ ಸಲದ ಜಾತ್ರೆಗೆ ದರ ಮೊದಲೇ ಮಾತಾಡಿ, ಊಟ ಹಾಕಿ, ಮೈಕಿನಲ್ಲಿ ಹೆಸರು ಹೇಳಿ. ದೊಡ್ಡ ಖರ್ಚೇನಲ್ಲ.

ಹೆಬ್ಬಾಳದಲ್ಲಿ ಆ ಹುಡುಗ ಇಳಿದ. ಚೀಲ ಬಾಗಿಲಿಗೆ ಸಿಕ್ಕಿಕೊಂಡಾಗ ತಾತನೇ ಎದ್ದು ಬಿಡಿಸಿಕೊಟ್ಟರು. “ಹುಷಾರಪ್ಪ, ತಂತಿ ಗಿಂತಿ ಕಿತ್ತೋದೀತು” ಅಂದರು.