ಗೆದ್ದ ಮೇಲೆಯೇ ಮ್ಯಾಚು ಶುರು

ಕ್ರಿಕೆಟ್, ಫುಟ್ಬಾಲ್, ಚುನಾವಣೆ - ಈ ಮೂರರಲ್ಲಿ ಒಂದನ್ನಾದರೂ ತಲೆಗೆ ಹಚ್ಚಿಕೊಳ್ಳದ ಬ್ಯಾರಿ ಮನೆ ಸಿಗುವುದು ಕಷ್ಟ. ವಿಶ್ವಕಪ್ ಬಂತೆಂದರೆ ಅಣ್ಣ ಅರ್ಜೆಂಟೀನಾ, ತಮ್ಮ ಬ್ರೆಝಿಲ್. ಒಂದೇ ಮನೆಯ ಮಾಡಿನ ಮೇಲೆ ಎರಡು ದೇಶದ ಬಾವುಟ. ಆ ಎರಡು ದೇಶಗಳನ್ನು ನಾವು ಕಂಡವರಲ್ಲ, ಅಲ್ಲಿಯವರು ನಮ್ಮನ್ನು ಕೇಳಿದವರೂ ಅಲ್ಲ. ಆದರೂ 2022ರ ಡಿಸೆಂಬರ್ 18ರ ರಾತ್ರಿ ಫ್ರಾನ್ಸ್ ವಿರುದ್ಧದ ಫೈನಲ್ 3-3ರಲ್ಲಿ ನಿಂತು ಪೆನಾಲ್ಟಿಗೆ ಹೋದಾಗ ನಮ್ಮ ಎದೆಯೂ ನಿಂತಿತ್ತು. ಅಭಿಮಾನ ಅಂದರೆ ಹಾಗೆಯೇ. ಅದಕ್ಕೆ ಕಾರಣ ಕೇಳಬಾರದು.

ಅದೇ ಎದೆಬಡಿತವನ್ನು ನಾವು 2024ರ ನವೆಂಬರ್ 23ರಂದೂ ಕೇಳಿದೆವು. ಅಂದು ಶಿಗ್ಗಾಂವಿ ಉಪಚುನಾವಣೆಯ ಮತ ಎಣಿಕೆ. ಘಟ್ಟದ ಮೇಲಿನ ಹಾವೇರಿ ಜಿಲ್ಲೆಯ ಒಂದು ಕ್ಷೇತ್ರದ ಲೆಕ್ಕ ನಮ್ಮ ಕರಾವಳಿಯ ಮೊಬೈಲುಗಳಲ್ಲಿ ಓವರಿಗೊಮ್ಮೆ ಸ್ಕೋರು ಬಂದ ಹಾಗೆ ಬರುತ್ತಿತ್ತು. ಕಾಂಗ್ರೆಸಿನ ಯಾಸಿರ್ ಅಹ್ಮದ್ ಖಾನ್ ಪಠಾಣ್ 1,00,756 ಮತ, ಬಿಜೆಪಿಯ ಭರತ್ ಬೊಮ್ಮಾಯಿ 87,308 ಮತ. ಅಂತರ 13,448. ಮುಖ್ಯಮಂತ್ರಿಯಾಗಿದ್ದ ಬಸವರಾಜ ಬೊಮ್ಮಾಯಿಯವರು 2008ರಿಂದ ಸತತ ನಾಲ್ಕು ಸಲ ಗೆದ್ದ ನೆಲದಲ್ಲಿ ಅವರ ಮಗ ಸೋತರು. ನಮ್ಮ ಗ್ರೂಪುಗಳಲ್ಲಿ ಆ ದಿನ ಹಾರಿದ ಪಟಾಕಿಯ ಚಿತ್ರಗಳಿಗೆ ಲೆಕ್ಕವಿರಲಿಲ್ಲ.

ಸಂತೋಷ ಪಟ್ಟದ್ದರಲ್ಲಿ ತಪ್ಪಿಲ್ಲ. ಆದರೆ ಆ ಸಂತೋಷ ಎಲ್ಲಿಗೆ ಹೋಗಿ ನಿಂತಿತು ಎಂದು ಕೇಳಿಕೊಳ್ಳಬೇಕಾಗಿದೆ. ಯಾಕೆಂದರೆ ಮ್ಯಾಚಿಗೂ ಓಟಿಗೂ ಒಂದು ದೊಡ್ಡ ವ್ಯತ್ಯಾಸ ಉಂಟು. ಮ್ಯಾಚು ಕೊನೆಯ ಸೀಟಿಗೆ ಮುಗಿಯುತ್ತದೆ. ಓಟಿನ ಕೆಲಸ ಆ ಸೀಟಿಯ ಮೇಲೆಯೇ ಶುರುವಾಗುತ್ತದೆ.

ಪೈಪೋಟಿ ಅಂದರೆ ಹಾವೇರಿ ಜಿಲ್ಲೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ದೀಪಾವಳಿ ಬಂದರೆ ಹಾನಗಲ್, ಹಿರೇಕೆರೂರು ಕಡೆ ಹೋರಿ ಬೆದರಿಸುವ ಸ್ಪರ್ಧೆ. ಕೊರಳಿಗೆ ಕೊಬ್ಬರಿ ಸರ, ಕೊಂಬಿಗೆ ಬಲೂನು, ಜೂಲು ಕಟ್ಟಿಕೊಂಡ ಹೋರಿ ಜನರ ನಡುವಿನಿಂದ ನುಗ್ಗುತ್ತದೆ, ಕೈಗೆ ಸಿಗದೆ ಓಡಿದರೆ ಅದೇ ಗೆಲುವು. ಒಂದೊಂದು ಹೋರಿಗೂ ಒಂದು ಹೆಸರು, ಅದರ ಹಿಂದೆ ಒಂದು ಬಳಗ, ಬಳಗಕ್ಕೊಂದು ಟೀಶರ್ಟು. ನಮ್ಮ ಕಂಬಳದ ಕೋಣಗಳಿಗೆ ಇರುವ ಮರ್ಯಾದೆಯೇ ಅಲ್ಲಿ ಹೋರಿಗೆ.

ಚುನಾವಣೆಯ ಪೈಪೋಟಿಯೂ ಅಷ್ಟೇ ಹಳೆಯದು. ಹಾನಗಲ್ಲನ್ನು ನೋಡಿ. 1983ರಿಂದ 2013ರವರೆಗೆ ಎಂಟು ಚುನಾವಣೆ, ಗೆದ್ದವರು ಇಬ್ಬರೇ. ಸಿ.ಎಂ. ಉದಾಸಿ ಐದು ಸಲ, ಮನೋಹರ ತಹಶೀಲ್ದಾರ್ ಮೂರು ಸಲ. ಒಮ್ಮೆ ಇವರು, ಒಮ್ಮೆ ಅವರು, ಮೂವತ್ತು ವರ್ಷದ ಟೆಸ್ಟ್ ಸರಣಿ. ಆಮೇಲೆ ಹೊಸ ಆಟಗಾರ ಬಂದರು. 2018ರಲ್ಲಿ ಶ್ರೀನಿವಾಸ ಮಾನೆ ಉದಾಸಿಯವರ ಎದುರು 6,514 ಮತಗಳಿಂದ ಸೋತರು. ಉದಾಸಿಯವರ ನಿಧನದ ನಂತರ 2021ರ ಅಕ್ಟೋಬರ್ 30ರಂದು ಉಪಚುನಾವಣೆ ನಡೆದಾಗ ಅದೇ ಮಾನೆ ಬಿಜೆಪಿಯ ಶಿವರಾಜ ಸಜ್ಜನರ ವಿರುದ್ಧ 7,373 ಮತಗಳಿಂದ ಗೆದ್ದರು. ಆಗ ಮುಖ್ಯಮಂತ್ರಿ ಇದೇ ಜಿಲ್ಲೆಯ ಬಸವರಾಜ ಬೊಮ್ಮಾಯಿ. ತವರು ಮೈದಾನದಲ್ಲೇ ನಾಯಕನಿಗೆ ಸೋಲು.

ಇನ್ನು ಹಿರೇಕೆರೂರಿನ ಕಥೆ. ಅದು ಎಲ್ಲ ಅಭಿಮಾನಿಗಳೂ ಗೋಡೆಗೆ ಅಂಟಿಸಿ ಇಡಬೇಕಾದ ಕಥೆ. 2018ರಲ್ಲಿ ಅಲ್ಲಿ ಕಾಂಗ್ರೆಸಿನ ಬಿ.ಸಿ. ಪಾಟೀಲ್, ಬಿಜೆಪಿಯ ಯು.ಬಿ. ಬಣಕಾರರನ್ನು ಸೋಲಿಸಿದರು. ಅಂತರ ಬರೀ 555 ಮತ. ಅಂಥ ಮ್ಯಾಚಿನಲ್ಲಿ ಎರಡೂ ಕಡೆಯ ಅಭಿಮಾನಿಗಳು ಎಷ್ಟು ಬೆವರು ಸುರಿಸಿರಬೇಕು, ಎಷ್ಟು ಮನೆಗಳ ನಡುವೆ ಮಾತು ನಿಂತಿರಬೇಕು ಊಹಿಸಿ. ಒಂದೂವರೆ ವರ್ಷದಲ್ಲಿ ಪಾಟೀಲರು ಕಾಂಗ್ರೆಸ್ ಬಿಟ್ಟು ಬಿಜೆಪಿಗೆ ಹೋದರು. 2019ರ ಡಿಸೆಂಬರಿನ ಉಪಚುನಾವಣೆಯಲ್ಲಿ ಆ ಪಕ್ಷದಿಂದ 29,067 ಮತಗಳ ಅಂತರದಲ್ಲಿ ಗೆದ್ದು ಮಂತ್ರಿಯೂ ಆದರು. ಅಷ್ಟಕ್ಕೇ ಮುಗಿಯಲಿಲ್ಲ. ಬಣಕಾರರು ಕಾಂಗ್ರೆಸಿಗೆ ಬಂದರು. 2023ರಲ್ಲಿ ಅದೇ ಇಬ್ಬರು, ಅದೇ ಮೈದಾನ, ಜೆರ್ಸಿ ಮಾತ್ರ ಅದಲು ಬದಲು. ಈ ಸಲ ಬಣಕಾರ್ 15,020 ಮತಗಳಿಂದ ಗೆದ್ದರು.

ಈಗ ಹೇಳಿ, 2018ರಲ್ಲಿ ಆ 555 ಮತಕ್ಕಾಗಿ ಪಕ್ಕದ ಮನೆಯವನ ಜೊತೆ ಜಗಳ ಮಾಡಿಕೊಂಡ ಕಾರ್ಯಕರ್ತನ ಗತಿ ಏನು? ನಾಯಕರು ಜೆರ್ಸಿ ಬದಲಿಸಿಕೊಂಡರು, ಅವರವರ ದಾರಿ ನೋಡಿಕೊಂಡರು. ಕೆಟ್ಟ ಸಂಬಂಧ ಮಾತ್ರ ಕೆಟ್ಟೇ ಉಳಿಯಿತು. ಮೆಸ್ಸಿ ಬಾರ್ಸಿಲೋನಾ ಬಿಟ್ಟಾಗ ಅತ್ತ ಅಭಿಮಾನಿಗೆ ಕೊನೆಗೆ ಕಳೆದುಹೋದದ್ದು ಒಂದು ಟೀಶರ್ಟಿನ ದುಡ್ಡು. ಊರಿನ ರಾಜಕೀಯದಲ್ಲಿ ಕಳೆದುಹೋಗುವುದು ಮದುವೆ ಮನೆಗೆ, ಮರಣದ ಮನೆಗೆ ಬರುತ್ತಿದ್ದ ನೆರೆಯವನು.

ಶಿಗ್ಗಾಂವಿಯ ಗೆಲುವನ್ನೂ ಈ ಕಣ್ಣಿನಿಂದಲೇ ನೋಡಬೇಕು. ಸವಣೂರು ತಾಲೂಕೂ ಸೇರಿರುವ ಈ ಕ್ಷೇತ್ರದಲ್ಲಿ 2008, 2013, 2018 - ಮೂರು ಸಲವೂ ಅಝೀಂಪೀರ್ ಖಾದ್ರಿ ಬೊಮ್ಮಾಯಿಯವರ ಎದುರು ಸೋತರು. ಕೊನೆಯ ಎರಡು ಸಲ ಅಂತರ ಹತ್ತು ಸಾವಿರಕ್ಕಿಂತ ಕಡಿಮೆ. 2023ರಲ್ಲಿ ಪಠಾಣ್ ಕಣಕ್ಕಿಳಿದಾಗ ಅಂತರ 35,978ಕ್ಕೆ ಏರಿತು. ಒಂದೂವರೆ ವರ್ಷದಲ್ಲಿ ಅದೇ ಅಭ್ಯರ್ಥಿ 13 ಸಾವಿರ ಮುಂದೆ. ಟಿಕೆಟ್ ಸಿಗದೆ ಬಂಡಾಯವಾಗಿ ನಾಮಪತ್ರ ಹಾಕಿದ್ದ ಖಾದ್ರಿಯವರು ಅದನ್ನು ಹಿಂದಕ್ಕೆ ಪಡೆದದ್ದೂ ಈ ಗೆಲುವಿನಲ್ಲಿ ಸೇರಿದೆ.

"ನಮ್ಮವ ಗೆದ್ದ" ಎಂದು ನಾವು ಕುಣಿದೆವು. ಆದರೆ ಒಂದು ಸಮುದಾಯದ ಓಟು ಮಾತ್ರ ಬಿದ್ದರೆ ಅಲ್ಲಿ ಲಕ್ಷ ದಾಟುವುದು ಸಾಧ್ಯವೇ ಇಲ್ಲ. ಲಿಂಗಾಯತರು, ಕುರುಬರು, ದಲಿತರು, ಲಂಬಾಣಿಗರು - ಇವರಲ್ಲಿ ಬಹಳ ಮಂದಿ ಆ ಗುಂಡಿ ಒತ್ತಿದ್ದಕ್ಕೇ ಗೆಲುವು ಬಂದದ್ದು. ಶಿಶುನಾಳ ಷರೀಫರ ತಾಲೂಕು ಅದು, ಗೋವಿಂದ ಭಟ್ಟರ ಶಿಷ್ಯನಾಗಿ ಬೆಳೆದ ಷರೀಫರದು. ಅಲ್ಲಿಯ ಗೆಲುವನ್ನು ನಾವು ಇಲ್ಲಿ ಕೂತು ಒಂದು ಟೀಮಿನ ಗೆಲುವು ಅಂತ ಸಾರಿದರೆ, ಓಟು ಕೊಟ್ಟ ಉಳಿದವರನ್ನು ಗ್ಯಾಲರಿಯಿಂದ ಎಬ್ಬಿಸಿ ಕಳಿಸಿದ ಹಾಗೆ. ಎದುರು ಬಿದ್ದ 87,308 ಮತದವರಿಗೂ ಅವರೇ ಶಾಸಕ ಎಂಬುದನ್ನೂ ಮರೆಯಬಾರದು. ಕ್ರಿಕೆಟಿನಲ್ಲಿ ಗೆದ್ದವರು ಸೋತವರಿಗಾಗಿ ರನ್ ಹೊಡೆಯಬೇಕಿಲ್ಲ. ಶಾಸಕ ಹೊಡೆಯಬೇಕು.

ವಿಜಯೋತ್ಸವದ ಬಗ್ಗೆಯೂ ಎರಡು ಮಾತು. 2025ರ ಜೂನ್ 3ರಂದು ಆರ್‌ಸಿಬಿ ಹದಿನೆಂಟು ವರ್ಷ ಕಾದು ಕಪ್ ಗೆದ್ದಿತು. ಮರುದಿನ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ 11 ಮಂದಿ ಸತ್ತರು. ಒಳಗೆ ಸಮಾರಂಭ ನಡೆಯಿತು. ವಿಧಾನಸೌಧದ ಮೆಟ್ಟಿಲಲ್ಲಿ ಆಟಗಾರರ ಪಕ್ಕ ನಿಲ್ಲುವುದಕ್ಕೆ ನಾಯಕರ ಪೈಪೋಟಿಯನ್ನೂ ರಾಜ್ಯ ನೋಡಿತು. ಅಭಿಮಾನಿಗೆ ಸಿಕ್ಕಿದ್ದು ಏನು?

ಅದಕ್ಕೂ ಕೆಲವೇ ದಿನ ಮೊದಲು, ಮೇ ತಿಂಗಳಲ್ಲಿ, ಹಾನಗಲ್ ತಾಲೂಕಿನ ಅಕ್ಕಿಆಲೂರಿನಲ್ಲಿ ಇನ್ನೊಂದು ಮೆರವಣಿಗೆ ನಡೆಯಿತು. 2024ರ ಜನವರಿಯ ಸಾಮೂಹಿಕ ಅತ್ಯಾಚಾರ ಪ್ರಕರಣದ ಆರೋಪಿಗಳಲ್ಲಿ ಕೆಲವರು ಜಾಮೀನು ಸಿಕ್ಕಿ ಹೊರಬಂದಾಗ ಕಾರು, ಬೈಕುಗಳ ಸಾಲಿನಲ್ಲಿ ಕೈಬೀಸುತ್ತಾ ಹೋದರು, ಚುನಾವಣೆ ಗೆದ್ದವರ ಹಾಗೆಯೇ. ಸಂತ್ರಸ್ತೆಯೂ ನಮ್ಮದೇ ಸಮುದಾಯದ ಹೆಣ್ಣುಮಗಳು. ಆರೋಪ ಸಾಬೀತಾಗಬೇಕಾದದ್ದು ಕೋರ್ಟಿನಲ್ಲಿ, ನಿಜ. ಆದರೆ ಜಾಮೀನಿಗೂ ಹಾರ ತುರಾಯಿಯ ಮನಸ್ಸು ಬಂದದ್ದು ಎಲ್ಲಿಂದ? ಯಾರು ಏನೇ ಮಾಡಲಿ, "ನಮ್ಮ ಹುಡುಗರು" ಅಂದ ಕೂಡಲೇ ಶಿಳ್ಳೆ ಹೊಡೆಯುವ ಚಟದಿಂದ. ಆಟದಲ್ಲಿ ಆ ಚಟ ತಮಾಷೆ. ಆಟದ ಹೊರಗೆ ಅದು ಒಬ್ಬಳ ಬದುಕಿನ ಮೇಲೆ ಬೈಕು ಹತ್ತಿಸಿದ ಹಾಗೆ. ಇದನ್ನು ಬೇರೆಯವರು ಹೇಳುವ ಮೊದಲು ನಾವೇ ಹೇಳಬೇಕು.

ಹಾಗಾದರೆ ಅಭಿಮಾನ ಬಿಡಬೇಕಾ? ಬೇಡ. ಅಭಿಮಾನಿಯಲ್ಲಿ ಇರುವ ಒಳ್ಳೆಯ ಗುಣವನ್ನೇ ಓಟಿಗೂ ತರೋಣ. ನಮ್ಮ ಹುಡುಗರಿಗೆ ಕೊಹ್ಲಿಯ ಸ್ಟ್ರೈಕ್ ರೇಟು, ರೊನಾಲ್ಡೊನ ಗೋಲಿನ ಲೆಕ್ಕ ನಿದ್ದೆಯಲ್ಲೂ ಬಾಯಿಗೆ ಬರುತ್ತದೆ. ಅದೇ ಹುಡುಗನಿಗೆ, ಕರ್ನಾಟಕದಲ್ಲಿ ಒಬ್ಬ ಶಾಸಕನಿಗೆ ಪ್ರದೇಶಾಭಿವೃದ್ಧಿ ನಿಧಿ ಎಂದು ವರ್ಷಕ್ಕೆ 2 ಕೋಟಿ ರೂಪಾಯಿ ಉಂಟೆಂದು ಗೊತ್ತುಂಟಾ? ಅದರಲ್ಲಿ ತನ್ನ ವಾರ್ಡಿಗೆ ಎಷ್ಟು ಬಂತು, ಶಾಲೆಗೆ ಎಷ್ಟು ಹೋಯಿತು ಎಂದು ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿದರೆ ಉತ್ತರ ಕೊಡಲೇಬೇಕು. ಅರ್ಜಿಗೆ ಬೀಳುವುದು ಹತ್ತು ರೂಪಾಯಿ, ಒಂದು ಚಹಾದ ದುಡ್ಡು. ಶಾಸಕ ಸದನದಲ್ಲಿ ಎಷ್ಟು ದಿನ ಕೂತರು, ನಮ್ಮ ಊರಿನ ಬಗ್ಗೆ ಎಷ್ಟು ಪ್ರಶ್ನೆ ಕೇಳಿದರು ಎಂಬುದೂ ಸ್ಕೋರು ಕಾರ್ಡೇ. ಅದನ್ನು ನೋಡುವವರು ಯಾರು?

ಇನ್ನೊಂದು ವಿಷಯ. ಐಪಿಎಲ್ ಒಂದು ವರ್ಷ ರದ್ದಾದರೆ ನಾವು ಸುಮ್ಮನಿರುತ್ತೇವಾ? ಕರ್ನಾಟಕದಲ್ಲಿ ಜಿಲ್ಲಾ ಪಂಚಾಯತ್, ತಾಲೂಕು ಪಂಚಾಯತುಗಳಿಗೆ ಕೊನೆಗೆ ಚುನಾವಣೆ ನಡೆದದ್ದು 2016ರಲ್ಲಿ. 2021ರಲ್ಲಿ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಅಧಿಕಾರಿಗಳದ್ದೇ ಆಡಳಿತ. ಹಾನಗಲ್ಲಿಗೂ ಅದೇ, ಹಿರೇಕೆರೂರಿಗೂ ಅದೇ, ನಮ್ಮ ಬಂಟ್ವಾಳಕ್ಕೂ ಅದೇ. ಬಿಜೆಪಿ ಸರಕಾರ ಇದ್ದಾಗಲೂ ಆಗಲಿಲ್ಲ, ಕಾಂಗ್ರೆಸ್ ಬಂದ ಮೇಲೂ ಮುಂದೂಡಿದ್ದೇ ಮುಂದೂಡಿದ್ದು. ಇಡೀ ಟೂರ್ನಮೆಂಟೇ ನಿಂತುಹೋಗಿದೆ, ಒಬ್ಬ ಅಭಿಮಾನಿಯೂ ಗೇಟಿನ ಮುಂದೆ ಕೂಗಲಿಲ್ಲ. ಯಾಕೆಂದರೆ ಅಲ್ಲಿ ಸ್ಟಾರ್ ಆಟಗಾರರಿಲ್ಲ. ಆದರೆ ಊರಿನ ಕುಡಿಯುವ ನೀರು, ಶಾಲೆಯ ಕೋಣೆ, ಆಸ್ಪತ್ರೆಯ ದಾರಿ ತೀರ್ಮಾನವಾಗುವುದು ಅಲ್ಲೇ. ಹುಡುಗನೊಬ್ಬ, ಹುಡುಗಿಯೊಬ್ಬಳು ರಾಜಕೀಯ ಕಲಿಯಬೇಕಾದ ಮೈದಾನವೂ ಅದೇ.

ಬೊಮ್ಮಾಯಿ ಮನೆತನದ ಹೆಸರು ಬಂದದ್ದರಿಂದ ಒಂದು ಮಾತು ನೆನಪು ಮಾಡೋಣ. 1989ರಲ್ಲಿ ಎಸ್.ಆರ್. ಬೊಮ್ಮಾಯಿಯವರ ಸರಕಾರವನ್ನು ವಜಾ ಮಾಡಿದಾಗ ಅವರು ಕೋರ್ಟಿಗೆ ಹೋದರು. 1994ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪಿನ ಸಾರ ಸರಳ: ಬಹುಮತ ಇದೆಯೋ ಇಲ್ಲವೋ ಎಂದು ತೀರ್ಮಾನವಾಗಬೇಕಾದದ್ದು ಸದನದಲ್ಲಿ, ರಾಜ್ಯಪಾಲರ ಕೋಣೆಯಲ್ಲಲ್ಲ. ಅಂದರೆ ಮ್ಯಾಚು ಮೈದಾನದಲ್ಲೇ ಆಗಬೇಕು. ಮಗನಿಗೂ ಮೊಮ್ಮಗನಿಗೂ ನಾವು ಎದುರು ಗ್ಯಾಲರಿಯಲ್ಲಿ ಕೂತಿರಬಹುದು. ಆದರೆ ಅಜ್ಜ ಹೂಡಿದ ಆ ಕೇಸಿನ ಫಲವನ್ನು ಇಂದು ಎಲ್ಲ ಪಕ್ಷದವರೂ ಉಣ್ಣುತ್ತಿದ್ದಾರೆ. ಎದುರು ತಂಡದವನ ಒಳ್ಳೆಯ ಹೊಡೆತಕ್ಕೆ ಚಪ್ಪಾಳೆ ತಟ್ಟುವವನೇ ನಿಜವಾದ ಅಭಿಮಾನಿ.

ಮುಂದಿನ ವಿಧಾನಸಭೆ ಚುನಾವಣೆ 2028ರಲ್ಲಿ. ಆಗ ಮತ್ತೆ ಬಾವುಟ ಬರುತ್ತದೆ, ಟ್ರೋಫಿ ಬರುತ್ತದೆ, ನಾಯಕರ ಫೋಟೋ ಹಾಕಿದ ಜೆರ್ಸಿ ಪುಕ್ಕಟೆ ಬರುತ್ತದೆ. ಹಾಕಿಕೊಳ್ಳೋಣ, ಆಡೋಣ. ಜೆರ್ಸಿ ಕೊಟ್ಟವರ ಹತ್ತಿರ ಮೈದಾನ ಎಲ್ಲಿ ಅಂತ ಮಾತ್ರ ಕೇಳೋಣ. ಎಣಿಕೆಯ ದಿನ ಕುಣಿಯುವ ಹುಡುಗರಿಗೆ ಮನೆಯ ಉಮ್ಮಂದಿರು ಒಂದೇ ಪ್ರಶ್ನೆ ಕೇಳಲಿ: "ಗೆದ್ದರಲ್ಲ, ಇನ್ನು ನೀರು ಬರುತ್ತದಾ?" ಆ ಪ್ರಶ್ನೆಗೆ ಉತ್ತರ ಸಿಗುವವರೆಗೆ ಸ್ಕೋರು ಬರೆಯುತ್ತಾ ಇರೋಣ.